ಸಿಂಫನಿ ಆರ್ಕೆಸ್ಟ್ರಾದ ನಡುವೆ ಎಲೆಕ್ಟ್ರಿಕ್ ಗಿಟಾರ್: ಆಂಪ್ (ಧ್ವನಿವರ್ಧಕ ಪೆಟ್ಟಿಗೆ) ವೇದಿಕೆಯ ಮೇಲಿರಬೇಕೇ, ಬೇಡವೇ?

ಆರುತಂತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಊರಿನಲ್ಲಿದ್ದಾಗ ಗಣೇಶೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೆ. ಈಗ ಉದ್ಯೋಗದ ನಿಮಿತ್ತ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿನ ಹವ್ಯಾಸಿ ಸಿಂಫನಿ ಆರ್ಕೆಸ್ಟ್ರಾವೊಂದು ಚಲನಚಿತ್ರ ಸಂಗೀತದ ಸಂಜೆಯೊಂದನ್ನು ಏರ್ಪಡಿಸಿದ್ದು, ಮೂರು ಕೃತಿಗಳಿಗೆ ಗಿಟಾರ್ ನುಡಿಸಲು ನನ್ನನ್ನು ಕರೆದಿದ್ದಾರೆ: ಜೇಮ್ಸ್ ಬಾಂಡ್ ಥೀಮ್, ಎನ್ನಿಯೊ ಮೊರಿಕೋನೆಯವರ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ಚಿತ್ರದ ಶೀರ್ಷಿಕೆ ಸಂಗೀತ ಮತ್ತು ಅವರದೇ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರದಲ್ಲಿ ಹಾರ್ಮೋನಿಕಾದೊಂದಿಗೆ ಬರುವ ಭಾಗ. ಪರದೆಯ ಮೇಲೆ ಚಿತ್ರವಿರುವುದಿಲ್ಲ, ಸಂಗೀತವಷ್ಟೇ. ಸಭಾಂಗಣದಲ್ಲಿ ಸುಮಾರು 600 ಆಸನಗಳಿವೆ.

ಗಿಟಾರ್ ವಾದಕರೆಂದರೆ ಕಂಡಕ್ಟರ್ ಅವರಿಗೆ ಸ್ವಲ್ಪ ಅಂಜಿಕೆಯಿದೆ. ಹಿಂದೊಮ್ಮೆ ಯಾರೋ ಬಂದು ಕೊಳಲು, ಓಬೋಗಳ ಸದ್ದೇ ಅಡಗುವಂತೆ ನುಡಿಸಿ ಹೋದರಂತೆ. ನನ್ನಲ್ಲಿರುವುದು 15 ವಾಟ್‌ನ ಟ್ಯೂಬ್ ಆಂಪ್. ಅದನ್ನು ಮನೆಯಲ್ಲೇ ಬಿಟ್ಟು, ಆಂಪಿನ ಧ್ವನಿಯನ್ನು ಅನುಕರಿಸುವ ಮಾಡೆಲರ್ ಪೆಡಲಿನಿಂದ ನೇರವಾಗಿ ಸಭಾಂಗಣದ ಸ್ಪೀಕರ್‌ಗಳಿಗೆ ಧ್ವನಿ ಕಳುಹಿಸಿದರೆ ಗದ್ದಲವೇ ಇರುವುದಿಲ್ಲವೆಂದು ಮಿತ್ರರೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ? ಇಂತಹ ವೃಂದದಲ್ಲಿ ಕುಳಿತು ನುಡಿಸಿದವರು ಇನ್ನೇನನ್ನು ಗಮನಿಸಬೇಕೆಂದೂ ತಿಳಿಸಿದರೆ ಉಪಕಾರವಾಗುತ್ತದೆ.

ಹಳೇಪ್ಲೆಕ್ಟ್ರಮ್:

ನಮಸ್ಕಾರ. ನನ್ನ ಅಭಿಪ್ರಾಯದಲ್ಲಿ ಆಂಪ್ ವೇದಿಕೆಯ ಮೇಲೆಯೇ, ನಿಮ್ಮ ಪಕ್ಕದಲ್ಲಿಯೇ ಇರಬೇಕು. ಸಿಂಫನಿ ಆರ್ಕೆಸ್ಟ್ರಾದಲ್ಲಿ ಪ್ರತಿಯೊಂದು ವಾದ್ಯದ ನಾದವೂ ಅದು ಕುಳಿತ ಜಾಗದಿಂದಲೇ ಹೊರಡುತ್ತದೆ. ಕೇಳುಗರು ಕಣ್ಣು ಮುಚ್ಚಿಕೊಂಡಿದ್ದರೂ ಹಾರ್ನ್ ಎಲ್ಲಿದೆ, ಡಬಲ್ ಬೇಸ್ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಲ್ಲರು. ಗಿಟಾರಿನ ಧ್ವನಿಯೊಂದು ಮಾತ್ರ ವೇದಿಕೆಯ ಎರಡೂ ಬದಿಯ ಸ್ಪೀಕರ್‌ಗಳಿಂದ ಬಂದರೆ, ಎಷ್ಟೇ ಮೆಲ್ಲಗೆ ನುಡಿಸಿದರೂ, ಅದು ವೃಂದದ ಸದಸ್ಯನಂತೆ ಕೇಳದೆ ಹೊರಗಿನಿಂದ ತಂದು ಅಂಟಿಸಿದಂತೆ ಕೇಳುತ್ತದೆ.

ಬಾಂಡ್ ಥೀಮಿನ ಮೂಲ ಧ್ವನಿಮುದ್ರಣವನ್ನೇ ನೋಡಿ. ಮಾಂಟಿ ನಾರ್ಮನ್ ಅವರ ರಚನೆಯನ್ನು ಜಾನ್ ಬ್ಯಾರಿಯವರು ವಾದ್ಯಗಳಿಗೆ ಅಳವಡಿಸಿ 1962ರಲ್ಲಿ ಲಂಡನ್ನಿನ ಸಿಟಿಎಸ್ ಸ್ಟುಡಿಯೋದಲ್ಲಿ ಮುದ್ರಿಸಿದಾಗ ಗಿಟಾರ್ ನುಡಿಸಿದವರು ವಿಕ್ ಫ್ಲಿಕ್. ಅವರ ಕೈಯಲ್ಲಿದ್ದುದು 1939ರ ಕ್ಲಿಫರ್ಡ್ ಎಸೆಕ್ಸ್ ಪ್ಯಾರಗಾನ್ ಎಂಬ ಪೊಳ್ಳು ಒಡಲಿನ ಗಿಟಾರ್. ಅದಕ್ಕೆ ಡಿಆರ್ಮಂಡ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಸಿಕ್ಕಿಸಿ, ಪಿಕಪ್ ತಂತಿಗೆ ಇನ್ನಷ್ಟು ಹತ್ತಿರವಾಗಲೆಂದು ಅದರಡಿ ಮಡಚಿದ ಸಿಗರೇಟು ಪೊಟ್ಟಣವೊಂದನ್ನು ತುರುಕಿದ್ದರು. ಗಟ್ಟಿಯಾದ ಪ್ಲೆಕ್ಟ್ರಮ್ಮಿನಿಂದ (ತಂತಿ ಮೀಟುವ ಬಿಲ್ಲೆ) ದಪ್ಪ ತಂತಿಗಳ ಮೇಲೆ ಭಾರ ಹಾಕಿ ನುಡಿಸಿದ ಆ ಸದ್ದು ಅದೇ ಕೋಣೆಯಲ್ಲಿದ್ದ ಇತರ ಮೈಕುಗಳೊಳಗೂ ಸೋರಿಕೊಂಡಿತು. ಆ ಸೋರಿಕೆಯೇ ಅದರ ಗಾಂಭೀರ್ಯದ ಅರ್ಧ ಪಾಲು ಎಂಬುದು ನನ್ನ ನಂಬಿಕೆ. (ಮದರಾಸಿನ ಸ್ಟುಡಿಯೋಗಳಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ ಕುಳಿತು ಮುದ್ರಿಸಿದ ನಮ್ಮ ಹಳೆಯ ಚಿತ್ರಗೀತೆಗಳನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಗಿಟಾರೂ ವಾದ್ಯವೃಂದವೂ ಒಂದೇ ಗಾಳಿಯನ್ನು ಹಂಚಿಕೊಂಡಾಗ ಹುಟ್ಟುವ ಬೆಸುಗೆ, ತಂತಿಯಲ್ಲಿ ನೇರವಾಗಿ ಸ್ಪೀಕರಿಗೆ ಹೋದ ಧ್ವನಿಗೆ ದಕ್ಕುವುದು ಕಷ್ಟ.

ಇನ್ನು ಸದ್ದಿನ ಮಾತು. ವಾಟ್ ಕಡಿಮೆ ಮಾಡಿದರೆ ಸದ್ದು ತಗ್ಗುತ್ತದೆಂದು ಹೊಸ ಆಂಪ್ ಕೊಳ್ಳಲು ಹೊರಡಬೇಡಿ. 15 ವಾಟ್‌ನಿಂದ 1 ವಾಟ್‌ಗೆ ಇಳಿದರೂ ವ್ಯತ್ಯಾಸ ಸುಮಾರು 12 ಡೆಸಿಬೆಲ್ ಮಾತ್ರ. ಸದ್ದಿನ ಮಟ್ಟಕ್ಕಿಂತ ಹೆಚ್ಚಾಗಿ ಅದರ ದಿಕ್ಕು ಮುಖ್ಯ. ಗಿಟಾರ್ ಸ್ಪೀಕರ್ ಎತ್ತರದ ಸ್ವರಾಂಶಗಳನ್ನು ನೇರವಾಗಿ ಎದುರಿಗೇ ಎಸೆಯುತ್ತದೆ. ಆಂಪನ್ನು ನೆಲದ ಮೇಲಿಟ್ಟರೆ ನಿಮ್ಮ ಮೊಣಕಾಲಿಗೆ ಮಾತ್ರ ಅದು ಸ್ಪಷ್ಟವಾಗಿ ಕೇಳುತ್ತದೆ. ಕಿವಿಗೆ ಮಂಕಾಗಿ ಕೇಳಿತೆಂದು ನೀವು ಟ್ರೆಬಲ್ (ಎತ್ತರದ ಸ್ವರಾಂಶ) ಏರಿಸುತ್ತೀರಿ, ಎದುರಿಗೆ ಕುಳಿತ ವಿಯೋಲಾದವರ ಬೆನ್ನಿಗೆ ಅದು ಚೂರಿಯಂತೆ ನಾಟುತ್ತದೆ. ಆದ್ದರಿಂದ ಆಂಪನ್ನು ಕುರ್ಚಿಯ ಮೇಲಿಟ್ಟು, ಹಿಂದಕ್ಕೆ ವಾಲಿಸಿ, ನಿಮ್ಮ ಕಿವಿಯತ್ತಲೇ ತಿರುಗಿಸಿ. ಆಗ ಹೆಚ್ಚು ಸದ್ದು ಮಾಡುವ ಆಸೆ ನಿಮಗೇ ಹುಟ್ಟುವುದಿಲ್ಲ.

ಪರದೆ ಇಲ್ಲದಿರುವುದು ನಿಮ್ಮ ಅದೃಷ್ಟ. ‘ದ ಗುಡ್, ದ ಬ್ಯಾಡ್’ ಸಂಗೀತವನ್ನು ಡೆನ್ಮಾರ್ಕಿನ ರಾಷ್ಟ್ರೀಯ ಸಿಂಫನಿ ಆರ್ಕೆಸ್ಟ್ರಾ ಸಾರಾ ಹಿಕ್ಸ್ ಅವರ ನಿರ್ದೇಶನದಲ್ಲಿ ನುಡಿಸಿದ ವಿಡಿಯೋ ಯೂಟ್ಯೂಬಿನಲ್ಲಿ ಸಿಗುತ್ತದೆ. ಅಭ್ಯಾಸಕ್ಕೆ ಮೊದಲು ಒಮ್ಮೆ ನೋಡಿ. ಸಿಳ್ಳೆ, ಒಕರಿನಾ ಎಂಬ ಊದುವಾದ್ಯ, ಮೇಳಗಾನ ಇವುಗಳ ಸಾಲಿನಲ್ಲಿ ಗಿಟಾರೂ ಒಂದು ಬಣ್ಣವಾಗಿ ನಿಂತಿದೆಯೇ ಹೊರತು ಯಜಮಾನಿಕೆ ಮಾಡುತ್ತಿಲ್ಲ.

ಮಿಕ್ಸರ್‌ಮೇಜು:

ಹಳೇಪ್ಲೆಕ್ಟ್ರಮ್ ಅವರು ಹೇಳಿದ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಅದನ್ನು ಎಲ್ಲ ಕಾರ್ಯಕ್ರಮಗಳಿಗೂ ಅನ್ವಯವಾಗುವ ನಿಯಮವೆಂದು ಭಾವಿಸಬಾರದು. ಇಡೀ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತಾ ಹಿನ್ನೆಲೆ ಸಂಗೀತವನ್ನು ವೇದಿಕೆಯಲ್ಲಿ ನುಡಿಸುವ ಕಾರ್ಯಕ್ರಮಗಳಲ್ಲಿ (2017ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಬಾಂಡ್ ಚಿತ್ರ ‘ಕ್ಯಾಸಿನೋ ರಾಯಲ್’ ಅಂಥದ್ದು) ಚಿತ್ರದ ಸಂಭಾಷಣೆ ಹೇಗೂ ಸ್ಪೀಕರ್‌ಗಳಿಂದಲೇ ಬರುತ್ತದೆ. ಪಾತ್ರಗಳು ಪಿಸುಮಾತಾಡುವಾಗ ವೇದಿಕೆಯ ಮೇಲಿನ ಆಂಪಿನ ಸದ್ದು ಒಂದು ಚೂರು ಹೆಚ್ಚಾದರೂ ಆ ಮಾತು ಪ್ರೇಕ್ಷಕರಿಗೆ ಕೇಳುವುದಿಲ್ಲ, ಮತ್ತು ಮಿಕ್ಸರಿನ ಮುಂದೆ ಕುಳಿತ ನನ್ನಂಥವನು ಅದನ್ನು ತಗ್ಗಿಸಲೂ ಸಾಧ್ಯವಿಲ್ಲ. ಅಲ್ಲಿ ಮಾಡೆಲರ್ ಬಳಸುವುದೇ ವಿವೇಕ. ಅಂದಹಾಗೆ ಆ ಚಿತ್ರದಲ್ಲಿ ಬಾಂಡ್ ಥೀಮ್ ಪೂರ್ಣವಾಗಿ ಬರುವುದು ಕೊನೆಯಲ್ಲಿ, ನಾಯಕ ತನ್ನ ಹೆಸರು ಹೇಳಿದ ಮೇಲೆ. ಎರಡು ಗಂಟೆಗೂ ಮಿಕ್ಕಿ ಕಾದು ಕುಳಿತ ಗಿಟಾರ್ ವಾದಕನ ಬೆರಳುಗಳು ತಣ್ಣಗಾಗದಂತೆ ನೋಡಿಕೊಳ್ಳುವುದೂ ಒಂದು ವಿದ್ಯೆ.

ಚಲನಚಿತ್ರ ಸಂಗೀತ ಸಂಯೋಜಕ ಹಾನ್ಸ್ ಝಿಮ್ಮರ್ ಅವರ ಪ್ರವಾಸದ ಕಾರ್ಯಕ್ರಮಗಳು ಇನ್ನೊಂದು ತುದಿ. ಅಲ್ಲಿ ಗಥ್ರಿ ಗೋವನ್ ಅವರಂತಹ ಗಿಟಾರ್ ವಾದಕರು ವೃಂದದ ಮುಂಭಾಗದಲ್ಲೇ ನಿಲ್ಲುತ್ತಾರೆ, ಪಿಟೀಲುಗಳಿಗೂ ಮೈಕ್ ಇರುತ್ತದೆ, ಎಲ್ಲವೂ ಸ್ಪೀಕರಿನಿಂದಲೇ ಬರುವುದರಿಂದ ಯಾವುದೂ ಅಂಟಿಸಿದಂತೆ ಕೇಳುವುದಿಲ್ಲ. ನಿಮ್ಮದು ಈ ಎರಡೂ ಅಲ್ಲ: ಮೈಕಿಲ್ಲದ ವೃಂದ, 600 ಆಸನ, ಸಂಭಾಷಣೆಯಿಲ್ಲ. ಹೀಗಾಗಿ ಆಂಪ್ ಇರಲಿ.

ಆದರೂ ಆಂಪಿನ ಮುಂದೆ ಒಂದು ಮೈಕ್ ಇಡಲು ಅಲ್ಲಿನ ಧ್ವನಿ ತಂತ್ರಜ್ಞರನ್ನು ಕೇಳಿಕೊಳ್ಳಿ. ಆಂಪನ್ನು ಮೆಲುವಾಗಿಟ್ಟು, ಹಿಂದಿನ ಸಾಲುಗಳಿಗಾಗಿ ಸಭಾಂಗಣದ ಸ್ಪೀಕರಿನಿಂದ ಒಂದಿಷ್ಟು ಆಸರೆ ಕೊಡುವುದು ಉತ್ತಮ ಮಾರ್ಗ. ಆದರೆ ಆ ಸ್ಪೀಕರ್‌ಗೆ ವಿಳಂಬ ಕೊಡಲೇಬೇಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ನಿಮ್ಮ ಆಂಪ್ ಸಭಾಂಗಣದ ಸ್ಪೀಕರ್‌ಗಳಿಂದ 7 ಮೀಟರ್ ಹಿಂದಿದ್ದರೆ, ಸ್ಪೀಕರ್ ಧ್ವನಿಯನ್ನು 20 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ತಡೆದು ಬಿಟ್ಟಾಗ ಆಂಪಿನ ನಾದವೇ ಕೇಳುಗರಿಗೆ ಮೊದಲು ತಲುಪುತ್ತದೆ. ಮೊದಲು ಮುಟ್ಟಿದ ಸದ್ದು ಎಲ್ಲಿಂದ ಬಂತೋ ಅಲ್ಲಿಯೇ ವಾದ್ಯವಿದೆಯೆಂದು ಕಿವಿ ತೀರ್ಮಾನಿಸುವುದರಿಂದ, ಹಳೇಪ್ಲೆಕ್ಟ್ರಮ್ ಅವರ ‘ಅಂಟಿಸಿದಂತೆ’ ಎಂಬ ಆಕ್ಷೇಪಣೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಗುಂಯ್‌ಗುಡುವ ಸದ್ದಿನ ಬಗ್ಗೆಯೂ ಎಚ್ಚರವಿರಲಿ. ರಸಮಂಜರಿಯ ವೇದಿಕೆಯಲ್ಲಿ ಯಾರ ಗಮನಕ್ಕೂ ಬಾರದ 50 ಹರ್ಟ್ಸ್ ಗುಂಜಾರವು ಪಿಟೀಲುಗಳು ಅತಿ ಮೆಲ್ಲಗೆ ನುಡಿಯುವಾಗ ಇಡೀ ಸಭೆಗೆ ಕೇಳುತ್ತದೆ. ಗುಂಜಾರವನ್ನು ಸುಲಭವಾಗಿ ಹಿಡಿಯುವ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇದ್ದರೆ ಕುಳಿತಲ್ಲೇ ಸ್ವಲ್ಪ ತಿರುಗಿ ಗುಂಜಾರ ಕಡಿಮೆಯಾಗುವ ಕೋನವನ್ನು ಹುಡುಕಿಕೊಳ್ಳಿ. ನುಡಿಸದಿರುವಾಗ ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿ. ಮೆಲ್ಲನೆಯ ಸದ್ದನ್ನು ತಾನಾಗಿಯೇ ತಡೆಯುವ ನಾಯ್ಸ್ ಗೇಟ್ ಬೇಡ, ಅದು ಸ್ವರದ ಬಾಲವನ್ನು ಕತ್ತರಿಸುತ್ತದೆ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ತಂತಿಯನ್ನು ಯಾವ ಕಾರಣಕ್ಕೂ ಕೀಳಬೇಡಿ. ಅದು ಪ್ರಾಣಕ್ಕೆ ಅಪಾಯ. ಅದಕ್ಕೆಂದೇ ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಪೆಟ್ಟಿಗೆಯಲ್ಲಿ ಪ್ರತ್ಯೇಕ ಸ್ವಿಚ್ ಇರುತ್ತದೆ.

ಚೆಲ್ಲೋಸಾಲು:

ನಾನು ಗಿಟಾರ್ ನುಡಿಸುವವಳಲ್ಲ. ಇಂಥದ್ದೇ ಹವ್ಯಾಸಿ ವೃಂದವೊಂದರಲ್ಲಿ ಚೆಲ್ಲೋ ನುಡಿಸುತ್ತೇನೆ, ಗಿಟಾರ್ ವಾದಕರು ಅತಿಥಿಯಾಗಿ ಬಂದಾಗ ನಮಗೆ ಆಗುವ ಕಷ್ಟವನ್ನು ಹೇಳುತ್ತೇನೆ. ಅದು ಸದ್ದಿಗಿಂತ ಹೆಚ್ಚಾಗಿ ಕಾಲಪ್ರಮಾಣದ ವಿಷಯ. ಕಂಡಕ್ಟರರ ಕೋಲು ಕೆಳಗೆ ತಲುಪಿದ ಕ್ಷಣದಲ್ಲೇ ನಾವು ಸ್ವರ ಹಿಡಿಯುವುದಿಲ್ಲ. ಒಂದು ಎಳೆ ಹಿಂದಿರುತ್ತೇವೆ, ಬಿಲ್ಲು ತಂತಿಯನ್ನು ಹಿಡಿದು ನಾದ ಅರಳಲೂ ಸಮಯ ಬೇಕು. ಗಿಟಾರ್ ಮೀಟಿದ ಕೂಡಲೇ ಸಿಡಿಯುತ್ತದೆ. ಕೋಲನ್ನು ನೋಡಿ ಕರಾರುವಾಕ್ಕಾಗಿ ಮೀಟಿದ ವಾದಕರು ಪ್ರತಿ ಬಾರಿಯೂ ನಮಗಿಂತ ಮುಂದೆ ಓಡಿದಂತೆ ಕೇಳಿ, ತಪ್ಪು ಯಾರದೆಂದು ತಿಳಿಯದೆ ಅಭ್ಯಾಸವೆಲ್ಲ ವಾದದಲ್ಲೇ ಕಳೆಯುತ್ತದೆ. ನೀವು ಹಿಂದೆ ತಾಳವಾದ್ಯಗಳ ಬಳಿ ಕುಳಿತರೆ ಪಿಟೀಲಿನ ಸದ್ದು ನಿಮ್ಮನ್ನು ತಲುಪುವುದೂ ತಡವಾಗಿಯೇ. 10 ಮೀಟರ್ ಅಂತರಕ್ಕೆ ಸುಮಾರು 29 ಮಿಲಿಸೆಕೆಂಡ್. ಕೇಳಿದ್ದನ್ನು ಹಿಂಬಾಲಿಸಿದರೆ ನಿಧಾನವಾಗುತ್ತೀರಿ, ನೋಡಿದ್ದನ್ನು ಹಿಂಬಾಲಿಸಿದರೆ ಅವಸರವಾಗುತ್ತದೆ. ಆದ್ದರಿಂದ ಒಳಗೆ, ಡಬಲ್ ಬೇಸ್‌ಗಳ ಪಕ್ಕದಲ್ಲಿ ಜಾಗ ಕೇಳಿ ಪಡೆಯಿರಿ, ಬೇಸಿನ ಬೆರಳುಗಳನ್ನು ಗಮನಿಸುತ್ತಾ ನುಡಿಸಿ.

ಶ್ರುತಿಯನ್ನೂ ಮೊದಲೇ ವಿಚಾರಿಸಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 440 ಹರ್ಟ್ಸ್ ಇರುತ್ತದೆ, ಯುರೋಪಿನ ಹಲವು ವೃಂದಗಳಲ್ಲಿ 442. ಅಂತರ ಸುಮಾರು 8 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಮಾತ್ರವೆಂದು ಉಪೇಕ್ಷಿಸುವಂತಿಲ್ಲ. ನಾವು ಬೆರಳು ಸರಿಸಿ ಹೊಂದಿಕೊಳ್ಳಬಲ್ಲೆವು, ಸ್ವರಸ್ಥಾನಗಳನ್ನು ನಿಗದಿಗೊಳಿಸುವ ಕಟ್ಟುಗಳಿರುವ (ಫ್ರೆಟ್) ನಿಮ್ಮ ವಾದ್ಯಕ್ಕೆ ಆ ಸೌಕರ್ಯವಿಲ್ಲ. ಇನ್ನೊಂದು, ಖಾಲಿ ಬಾರ್‌ಗಳನ್ನು ಎಣಿಸುವುದಷ್ಟನ್ನೇ ನಂಬಿಕೊಳ್ಳಬೇಡಿ. ನಿಮ್ಮ ಪ್ರವೇಶಕ್ಕೆ ಮುನ್ನ ಯಾವ ವಾದ್ಯ ಏನು ನುಡಿಸುತ್ತದೆಂಬುದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.

ಹಳೇಪ್ಲೆಕ್ಟ್ರಮ್:

ಚೆಲ್ಲೋಸಾಲು ಅವರ ಮಾತು ಮೊರಿಕೋನೆಯವರ ಕೃತಿಗಳಿಗೆ ನೂರಕ್ಕೆ ನೂರು ಸರಿ. ಬಾಂಡ್ ಥೀಮಿಗೆ ಮಾತ್ರ ಒಂದು ವಿನಾಯಿತಿ ಬೇಡುತ್ತೇನೆ: ಬೀಟಿಗಿಂತ ಕೂದಲೆಳೆಯಷ್ಟು ಮುಂದೆ ನುಡಿಸಿದ್ದರಿಂದಲೇ ಅದಕ್ಕೆ ಆ ಮೈಮೇಲೆ ಎರಗುವ ಗುಣ ಬಂದಿತೆಂದು ಫ್ಲಿಕ್ ಅವರೇ ಹೇಳಿಕೊಂಡಿದ್ದಾರೆ. ಆ ಮುಂಚೂಣಿ ನಿಮ್ಮ ಆಯ್ಕೆಯಾಗಿರಬೇಕು, ಆಕಸ್ಮಿಕವಾಗಿರಬಾರದು. ಕಂಡಕ್ಟರ್ ಅವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಆರುತಂತಿ:

ಎಲ್ಲರಿಗೂ ಕೃತಜ್ಞತೆಗಳು. ಕಂಡಕ್ಟರ್ ಅವರೊಂದಿಗೆ ಮಾತನಾಡಿದೆ. ಬೇಸ್‌ಗಳ ಪಕ್ಕದ ಜಾಗಕ್ಕೆ ಅವರು ಕೂಡಲೇ ಒಪ್ಪಿದರು, ಬಾಂಡ್ ವಿಷಯದಲ್ಲಿ ‘ಮೊದಲು ಕೇಳಿ ನೋಡೋಣ’ ಎಂದರು. ಒಂದು ಸಂದೇಹ ಉಳಿದಿದೆ. ‘ಒನ್ಸ್ ಅಪಾನ್ ಎ ಟೈಮ್’ ಭಾಗದಲ್ಲಿ ಗಿಟಾರಿಗೆ ಒರಟಾದ ಡಿಸ್ಟಾರ್ಷನ್ (ಧ್ವನಿ ಒಡೆದಂತೆ ಕೇಳುವ ಬಣ್ಣ) ಬೇಕು. ಆಂಪನ್ನು ಮೆಲುವಾಗಿಟ್ಟರೆ ಆ ಒರಟುತನ ಎಲ್ಲಿಂದ ಬರಬೇಕು? ಪೆಡಲ್ ಬಳಸಿದರೆ, ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ಮಟ್ಟದಲ್ಲಿ ಕೇಳುತ್ತಿದೆ, ವೃಂದದ ಏರಿಳಿತಕ್ಕೆ ಹೊಂದುತ್ತಿಲ್ಲ.

ಮಿಕ್ಸರ್‌ಮೇಜು:

ಪೆಡಲನ್ನೇ ಬಳಸಿ, ಆಂಪ್ ಶುದ್ಧ ಧ್ವನಿಯಲ್ಲೇ ಇರಲಿ. ಡಿಸ್ಟಾರ್ಷನ್ ಆದ ಸ್ವರ ಸಹಜವಾಗಿಯೇ ಚಪ್ಪಟೆಯಾಗುವುದರಿಂದ ಏರಿಳಿತವನ್ನು ಕೈಯಿಂದ ಅಪೇಕ್ಷಿಸದೆ ಪಾದಕ್ಕೆ ವಹಿಸಬೇಕು. ವಾಲ್ಯೂಮ್ ಪೆಡಲನ್ನು ಡಿಸ್ಟಾರ್ಷನ್ ಪೆಡಲಿನ ನಂತರ ಜೋಡಿಸಿ. ಮೊದಲೇ ಜೋಡಿಸಿದರೆ ಪಾದ ಎತ್ತಿದಂತೆಲ್ಲ ಒರಟುತನವೂ ಕರಗಿಹೋಗುತ್ತದೆ, ನಂತರ ಜೋಡಿಸಿದರೆ ಬಣ್ಣ ಹಾಗೆಯೇ ಉಳಿದು ಮಟ್ಟ ಮಾತ್ರ ಇಳಿಯುತ್ತದೆ.

ಹಳೇಪ್ಲೆಕ್ಟ್ರಮ್:

ಇದಕ್ಕೆ ಒಂದು ಸೇರ್ಪಡೆ. ಆ ಚಿತ್ರದ ಮುಖ್ಯ ಸಂಗೀತ ಚಿತ್ರೀಕರಣಕ್ಕೂ ಮೊದಲೇ ಸಿದ್ಧವಾಗಿತ್ತು, ನಿರ್ದೇಶಕ ಸೆರ್ಜಿಯೋ ಲಿಯೋನೆ ಸೆಟ್ಟಿನಲ್ಲಿ ಅದನ್ನು ಹಾಕಿ ನಟರನ್ನು ಅದರ ಗತಿಗೇ ನಡೆಸಿದರು. ಹಾಗಾಗಿ ಅಲ್ಲಿ ಸ್ವರಗಳಿಗೆ ಅವಸರವೇ ಇಲ್ಲ. ಗಿಟಾರ್ ಪ್ರವೇಶಿಸುವಾಗ ಪೆಡಲನ್ನು ಮುಕ್ಕಾಲಿನಷ್ಟು ಮಾತ್ರ ತೆರೆದು, ತಂತಿವಾದ್ಯಗಳು ತುಂಬಿ ಬಂದ ಮೇಲೆ ಉಳಿದ ಕಾಲುಭಾಗವನ್ನು ಕೊಡಿ. ಆಂಪಿನ ಸ್ಪ್ರಿಂಗ್ ರಿವರ್ಬನ್ನು (ಸ್ಪ್ರಿಂಗಿನಿಂದ ಹುಟ್ಟಿಸುವ ಕೃತಕ ಅನುರಣನ) ತೀರ ಕಡಿಮೆ ಮಾಡಿ. ಸಭಾಂಗಣದ ಅನುರಣನ ಹೇಗೂ ಸೇರಿಕೊಳ್ಳುತ್ತದೆ. ‘ದ ಗುಡ್, ದ ಬ್ಯಾಡ್’ ಶೀರ್ಷಿಕೆಗೆ ಮಾತ್ರ ಆ ಸ್ಪ್ರಿಂಗಿನ ಸದ್ದೇ ವಾದ್ಯದ ಬಣ್ಣವಾದ್ದರಿಂದ ಅಲ್ಲಿ ಧಾರಾಳವಾಗಿ ಬಿಡಿ, ಮತ್ತು ಎರಡು ಕೃತಿಗಳ ನಡುವೆ ಆ ಗುಂಡಿ ತಿರುಗಿಸಲು ಮರೆಯದಂತೆ ಸ್ವರಹಾಳೆಯ ಮೇಲ್ಭಾಗದಲ್ಲೇ ಬರೆದಿಡಿ.