ಪದಚರ್ಚೆ: ಅಂಕಕಾರ, ಆಳು, ಮತ್ತು ರೋಬಾಟ್‌ಗಳು 'ಬಿದ್ದರೋ' 'ಬಿದ್ದವೋ'

ಮಾನ್ಯರೇ,

ನಾನು ಬರೆಯುತ್ತಿರುವ ನೀಳ್ಗತೆಯೊಂದರ ವಸ್ತು ಇಷ್ಟು: ಬಾಗಿಲು ಹಾಕಿದ ನೂಲಿನ ಗಿರಣಿಯೊಳಗೆ, ಪೊಲೀಸರ ಕಣ್ಣು ತಪ್ಪಿಸಿ, ರಾತ್ರಿ ಹೊತ್ತು ರೋಬಾಟ್‌ಗಳನ್ನು ಒಂದರ ಮೇಲೊಂದು ಬಿಟ್ಟು ಕಾದಾಡಿಸುತ್ತಾರೆ; ಸುತ್ತ ನಿಂತವರು ಪಣ ಕಟ್ಟುತ್ತಾರೆ; ಸೋತದ್ದನ್ನು ಬೆಳಗಾಗುವುದರೊಳಗೆ ಬಿಚ್ಚಿ ಬಿಡಿಭಾಗಗಳ ಲೆಕ್ಕದಲ್ಲಿ ಮಾರುತ್ತಾರೆ. ಈ ರೋಬಾಟ್‌ಗಳಿಗೆ ತಿಳಿವಳಿಕೆ ಇದೆ, ಕಾದುವ ಮನಸ್ಸು ಮಾತ್ರ ಇಲ್ಲ. ಕಥೆ ಮುಕ್ಕಾಲು ಪಾಲು ಮುಗಿದಿದ್ದರೂ ಇವರನ್ನು, ಅಥವಾ ಇವನ್ನು, ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಈಗಷ್ಟೇ 'ಇವರನ್ನು, ಅಥವಾ ಇವನ್ನು' ಎಂದು ತಡವರಿಸಿದೆನಲ್ಲ, ಪ್ರಶ್ನೆಯ ತಿರುಳು ಅಲ್ಲೇ ಇದೆ. ಆದರೆ ಅಲ್ಲಿಗೆ ಬರುವ ಮೊದಲು ನಾಮಪದಗಳ ವಿಚಾರವನ್ನು ಹೇಳಬೇಕು.

ಪ್ರಾಚೀನ ರೋಮಿನಲ್ಲಿ ಜನರೆದುರು ಕಾದುತ್ತಿದ್ದವರ ಹೆಸರಾದ 'ಗ್ಲಾಡಿಯೇಟರ್' ಎಂಬುದನ್ನು ಹಾಗೆಯೇ ಉಳಿಸಿಕೊಂಡರೆ ಓದುಗರಿಗೆ ಅರ್ಥವಾಗುತ್ತದೆ, ನಿಜ. ಆದರೆ ಆ ಪದ ಬಂದೊಡನೆ ಕೊಲೊಸಿಯಮ್ಮಿನ ಕಲ್ಲುಕಮಾನುಗಳು ಎದ್ದು ನಿಂತು ನನ್ನ ಗಿರಣಿ ಮರೆಯಾಗುತ್ತದೆ. 'ಮಲ್ಲ', 'ಜಟ್ಟಿ' ಎಂದರೆ ಗರಡಿಯ ಕೆಮ್ಮಣ್ಣು, ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ನೆನಪಾಗುತ್ತವೆ. ಅಲ್ಲಿ ಕಾದುವುದು ಮನೆತನದ ಮರ್ಯಾದೆಯೇ ಹೊರತು ಯಾರೋ ಕತ್ತು ಹಿಡಿದು ದೂಡಿದ್ದಲ್ಲ. 'ಯೋಧ' ಎಂಬ ಪದವನ್ನು ಪತ್ರಿಕೆಗಳು ಗಡಿಯ ಸೈನಿಕರಿಗೇ ಮೀಸಲಿಟ್ಟುಬಿಟ್ಟಿವೆ.

ಹುಡುಕುತ್ತ ಹೋದಾಗ ಮನಸ್ಸಿಗೆ ಹಿಡಿಸಿದ್ದು 'ಅಂಕಕಾರ'. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೋಳಿ ಅಂಕದಿಂದಾಗಿ 'ಅಂಕ' ಎಂದರೆ ಕಾಳಗ ಎಂಬ ಅರ್ಥ ಇಂದಿಗೂ ಜೀವಂತವಾಗಿದೆ. ಅದರ ಸುತ್ತ ಜೂಜಿನ, ಕಾನೂನುಬಾಹಿರದ ವಾಸನೆಯೂ ಇದೆ, ನನಗೆ ಬೇಕಾದದ್ದೂ ಅದೇ. ಇನ್ನೂ ಹಿಂದಕ್ಕೆ ಹೋದರೆ, 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ಪಟ್ಟಿಯೊಳಗೆ 'ಅಂಕವಿನೋದ' ಎಂಬುದಿದೆ: ಆಯುಧ ಹಿಡಿದವರು ಅರಸನ ಕಣ್ಣೆದುರು ಜೋಡಿಯಾಗಿ ಕಾದುವ ಆಟ. ಅದೇ ಪಟ್ಟಿಯಲ್ಲಿ ಮಲ್ಲವಿನೋದ, ಕುಕ್ಕುಟವಿನೋದ, ಮೇಷವಿನೋದ, ಮಹಿಷವಿನೋದಗಳೂ ಬರುತ್ತವೆ. ಕತ್ತಿ ಹಿಡಿದ ಮನುಷ್ಯ, ಹುಂಜ, ಟಗರು, ಕೋಣ ಎಲ್ಲರೂ, ಎಲ್ಲವೂ, ಒಂದೇ ಪಂಕ್ತಿಯಲ್ಲಿ. ಗ್ಲಾಡಿಯೇಟರಿಗೆ ಕನ್ನಡ ನಾಡಿನಲ್ಲೇ ಹುಟ್ಟಿದ ಪದ ಸಿಕ್ಕಿತೆಂದು ಅಂದು ರಾತ್ರಿ ಬಹಳ ಸಂತೋಷಪಟ್ಟೆ.

ಆ ಸಂತೋಷ ಪೂರ್ತಿ ಉಳಿಯಲಿಲ್ಲ. ಶಾಸನಗಳಲ್ಲಿ 'ಮಾವನಂಕಕಾರ', 'ಅಣ್ಣನಂಕಕಾರ' ಎಂಬ ಬಿರುದುಗಳಿವೆ. ಮಾವನ ಪರವಾಗಿ, ಅಣ್ಣನ ಪರವಾಗಿ ಕಾದುವ ವೀರ ಎಂದರ್ಥ. ಇನ್ನೊಬ್ಬರಿಗಾಗಿ ಕಾದುವುದು ಎಂಬ ಅಂಶ ನನ್ನ ಕಥೆಗೆ ಹೊಂದುತ್ತದೆ, ಆದರೆ ಇವು ಹೆಮ್ಮೆಯಿಂದ ಹೊತ್ತ ಬಿರುದುಗಳು. (ಅಣ್ಣನಂಕಕಾರ ಎನಿಸಿಕೊಂಡಿದ್ದ ಜಯಸಿಂಹ ಕೊನೆಗೆ ಅಣ್ಣ ಆರನೆಯ ವಿಕ್ರಮಾದಿತ್ಯನ ಮೇಲೆಯೇ ತಿರುಗಿಬಿದ್ದದ್ದು ಬೇರೆ ಮಾತು.) ಪದದಲ್ಲಿ ಬಿಗಿದ ಸರಪಳಿಯ ಸದ್ದು ಕೇಳುವುದಿಲ್ಲ. ಇದರ ಜೊತೆಗೆ ಇಂದಿನ ಓದುಗನಿಗೆ 'ಅಂಕ' ಎಂದರೆ ಮೊದಲು ನೆನಪಾಗುವುದು ಪರೀಕ್ಷೆಯ ಅಂಕ. ಕಾಲೇಜಿಗೆ ಹೋಗುವ ನನ್ನ ಮಗಳು ಕರಡನ್ನು ಓದಿ, ಅಂಕಕಾರ ಎಂದರೆ ಉತ್ತರಪತ್ರಿಕೆ ತಿದ್ದುವವನೇ ಎಂದು ಕೇಳಿದಳು.

ಬಲವಂತದ ಛಾಯೆಗಾಗಿ 'ರೋಬಾಟ್' ಪದದ ಮೂಲಕ್ಕೇ ಹೋದೆ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಲೋಕಕ್ಕೆ ಪರಿಚಯವಾದ, ಅವನ ಅಣ್ಣ ಯೋಸೆಫ್ ಸೂಚಿಸಿದ ಈ ಪದದ ಹಿಂದಿರುವುದು 'ರೋಬೋತ', ಎಂದರೆ ಒಡೆಯನಿಗೆ ಮಾಡಲೇಬೇಕಾದ ಬಿಟ್ಟಿ ಚಾಕರಿ. ನಮ್ಮ 'ಬಿಟ್ಟಿ'ಯೂ ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು, ಅದೇ ಅರ್ಥದ್ದು. ಆದರೆ ಇಂದು 'ಬಿಟ್ಟಿ' ಎಂದರೆ ದುಡಿದವನಿಗೆ ಕೂಲಿ ಇಲ್ಲ ಎಂಬುದಕ್ಕಿಂತ ಪಡೆದವನಿಗೆ ಖರ್ಚಿಲ್ಲ ಎಂಬ ಅರ್ಥವೇ ಮುಂದಾಗಿದೆ. ಪದ ಆಳಿನ ಕಡೆಯಿಂದ ಒಡೆಯನ ಕಡೆಗೆ ಪಕ್ಷಾಂತರ ಮಾಡಿದೆ. 'ಬಿಟ್ಟಿ ಕಾಳಗ' ಎಂದು ಬರೆದರೆ ಟಿಕೆಟ್ಟಿಲ್ಲದ ಪ್ರದರ್ಶನ ಎಂದುಕೊಳ್ಳುತ್ತಾರೆ.

ಕಾದಾಟ ನಡೆಯುವ ಜಾಗ, ಎಂದರೆ ಅರೀನಾ ಎಂಬುದರ ವಿಷಯದಲ್ಲಿ ನನಗೆ ಹೆಚ್ಚು ತೊಡಕಿಲ್ಲ. ಲ್ಯಾಟಿನ್ನಿನಲ್ಲಿ ಅದು ನೆಲಕ್ಕೆ ಹರಡಿದ ಮರಳಿನ ಹೆಸರು. ನಮ್ಮಲ್ಲಿ ತೆನೆ ಬಡಿಯುವ 'ಕಣ'ವೇ ಚುನಾವಣೆಯ ಕಣವಾಗಿ ಎಲ್ಲರ ಬಾಯಲ್ಲಿದೆ. ಕಳ್ಳಬಟ್ಟಿ, ಕಳ್ಳನೋಟುಗಳ ಮಾದರಿಯಲ್ಲಿ 'ಕಳ್ಳಕಣ' ಎಂದು ಮಾಡಿಕೊಂಡಿದ್ದೇನೆ. 'ಅಕ್ರಮ ಹೋರಾಟ ರಂಗ' ಎಂಬುದಕ್ಕಿಂತ ಇದು ವಾಸಿಯೆಂದು ನನ್ನ ಅನಿಸಿಕೆ.

ಇನ್ನು ನಿಜವಾದ ತೊಡಕು. ಕನ್ನಡದಲ್ಲಿ ನಾಮಪದವನ್ನು ಆರಿಸಿಕೊಂಡ ಗಳಿಗೆಯಲ್ಲೇ ಕ್ರಿಯಾಪದದ ತೀರ್ಪೂ ಆಗಿಹೋಗುತ್ತದೆ. 'ಯಂತ್ರಮಾನವ' ಎಂದರೆ ಒಳಗೆ ಮಾನವನಿರುವುದರಿಂದ 'ಬಿದ್ದನು', 'ಬಿದ್ದರು' ಎನ್ನಲೇಬೇಕು. 'ರೋಬಾಟ್' ಎಂದರೆ ಕೈ ತಾನಾಗಿ 'ಬಿದ್ದಿತು', 'ಬಿದ್ದವು' ಎಂದು ಬರೆಯುತ್ತದೆ. 'ಅಂಕಕಾರ' ಎಂದರೆ, ಹಾಡುಗಾರ ಮಾತುಗಾರರ ಹಾಗೆ, ಗಂಡಸು. ಹೆಣ್ಣಾದರೆ 'ಅಂಕಕಾರ್ತಿ' ಎನ್ನಬೇಕು, ನನ್ನ ಪಾತ್ರಗಳಿಗೆ ಎರಡೂ ಅಲ್ಲ. ಸಂಖ್ಯೆಯಲ್ಲೂ ಹೀಗೆಯೇ, 'ಇಬ್ಬರು' ಎಂದರೆ ಜನ, 'ಎರಡು' ಎಂದರೆ ಸಾಮಾನು. ಚಾಪೆಕ್‌ಗೆ ಈ ಕಷ್ಟವಿರಲಿಲ್ಲ ಎನ್ನುವಂತಿಲ್ಲ, ಜೆಕ್ ಭಾಷೆಯಲ್ಲೂ ಗಂಡುಲಿಂಗದ ಪದಗಳಲ್ಲಿ ಜೀವವುಳ್ಳವು, ಜೀವವಿಲ್ಲದವು ಎಂಬ ಭೇದವಿದೆ. ಆದರೆ ಅವನು ನಾಟಕದ ಹೆಸರಿನಲ್ಲೇ ಜೀವವುಳ್ಳವರಿಗೆ ಹಚ್ಚುವ ಬಹುವಚನ ಪ್ರತ್ಯಯವನ್ನು ಹಚ್ಚಿ, 'ರೋಬೋತಿ' ಎಂದು ಬರೆದು, ವಿಷಯವನ್ನು ಇತ್ಯರ್ಥ ಮಾಡಿಬಿಟ್ಟ.

ನಮ್ಮಲ್ಲಿ ಈ ಗಡಿ ಗಟ್ಟಿಯಾಗಿದೆ ಎಂದು ವ್ಯಾಕರಣ ಪುಸ್ತಕಗಳು ಹೇಳಿದರೂ ಬಳಕೆಯಲ್ಲಿ ಅಷ್ಟು ಗಟ್ಟಿಯಾಗಿಲ್ಲ. 'ಮಗು ಬಂದಿತು' ಎನ್ನುತ್ತೇವೆ. ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ 'ಅದು ಬಂತು' ಎನ್ನುವ ರೂಢಿ ಇದೆ. ಆದರೆ ನನ್ನನ್ನು ಬಹಳ ಕಾಡಿದ್ದು 'ಆಳು'. ನಮ್ಮ ಅಜ್ಜ ಅಡಿಕೆ ತೋಟದ ಲೆಕ್ಕ ಬರೆಯುತ್ತಿದ್ದ ಉದ್ದನೆಯ ಪುಸ್ತಕವೊಂದು ಮನೆಯಲ್ಲಿದೆ. ಪುಟದ ಎಡಕ್ಕೆ ತಾರೀಖು, ನಡುವೆ 'ಗಂಡಾಳು 4, ಹೆಣ್ಣಾಳು 6', ಅದರ ಕೆಳಗೆ 'ಅರ್ಧ ಆಳು 2'. ಅರ್ಧ ಆಳು ಎಂದರೆ ಮಧ್ಯಾಹ್ನದ ತನಕ ದುಡಿದು ಹೋದವರು. 'ಇವತ್ತು ಎಷ್ಟು ಆಳು ಬಂದಿದೆ' ಎಂದು ಅಜ್ಜಿ ಒಳಗಿನಿಂದ ಕೇಳುತ್ತಿದ್ದದ್ದು ನನಗೆ ನೆನಪಿದೆ. 'ಎಷ್ಟು ಜನ ಬಂದಿದ್ದಾರೆ' ಎಂದು ಕೇಳಿದ್ದು ನೆಂಟರ ವಿಷಯದಲ್ಲಿ ಮಾತ್ರ. ಹೆಸರು ಹಿಡಿದು ಕರೆಯುವಾಗ ಮನುಷ್ಯರಾಗಿದ್ದವರು ಲೆಕ್ಕಕ್ಕೆ ಬಂದೊಡನೆ ನಪುಂಸಕವಾಗುತ್ತಿದ್ದರು, ಅರ್ಧವೂ ಆಗುತ್ತಿದ್ದರು. ಅದೇ 'ಆಳು' ಹಳಗನ್ನಡದಲ್ಲಿ ಸೇವಕನೂ ಹೌದು, ಕಾಲಾಳೂ ಹೌದು. ಹಾಗಾಗಿ ಸದ್ಯಕ್ಕೆ ನಾನು 'ಅಂಕಕಾರ'ನನ್ನು ಬಿಟ್ಟು 'ಅಂಕದಾಳು' ಎಂಬಲ್ಲಿ ಬಂದು ನಿಂತಿದ್ದೇನೆ. ಯಜಮಾನ 'ಎಂಟು ಅಂಕದಾಳು ಬಂದಿದೆ' ಎಂದರೆ ಯಾರ ಕಿವಿಗೂ ಕೊರೆಯುವುದಿಲ್ಲ. ರಾತ್ರಿಯೆಲ್ಲ ಅವುಗಳ ಕೀಲಿಗೆ ಎಣ್ಣೆ ಬಿಡುವ ಹೆಂಗಸು 'ಎಂಟು ಜನ ಬಂದಿದ್ದಾರೆ' ಎಂದರೂ ಕೊರೆಯುವುದಿಲ್ಲ. ಪದ ಎರಡೂ ಕಡೆಗೆ ಬಾಗುತ್ತದೆ.

ಬಲವಂತವನ್ನು ನಾಮಪದದಲ್ಲಿ ಹುಡುಕುವುದೇ ತಪ್ಪಿರಬಹುದೆಂದೂ ಈಚೆಗೆ ಅನಿಸುತ್ತಿದೆ. 'ಹೋರಾಡಲು ಬಲವಂತಪಡಿಸಲ್ಪಟ್ಟ ರೋಬಾಟ್ ಯೋಧರು' ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಓದಿದರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. ಕನ್ನಡದಲ್ಲಿ ಆ ಕೆಲಸವನ್ನು 'ಕಾದಿಸು' ಎಂಬ ಒಂದು ಪ್ರೇರಣಾರ್ಥಕವೋ 'ಬಿಡು' ಎಂಬ ಸಣ್ಣ ಕ್ರಿಯಾಪದವೋ ಮಾಡಿಬಿಡುತ್ತದೆ. ಹುಂಜವನ್ನು ಅಂಕಕ್ಕೆ ಬಿಡುತ್ತಾರೆ. 949-50ರ ಆತಕೂರು ಶಾಸನದಲ್ಲಿ ಮಣಲೆರ ಎಂಬ ವೀರ ತನ್ನ ದೊರೆಯಿಂದ ಉಡುಗೊರೆಯಾಗಿ ಪಡೆದ ಕಾಳಿ ಎಂಬ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟನೆಂದೂ, ಹಂದಿ ನಾಯಿ ಎರಡೂ ಒಟ್ಟಿಗೆ ಸತ್ತವೆಂದೂ ಬರುತ್ತದೆ. ಅಲ್ಲಿರುವುದೂ ಇದೇ 'ಬಿಡು'. ಬಿಡುಗಡೆಯ 'ಬಿಡು'ವೇ ಸಾವಿನ ಬಾಯಿಗೆ ದೂಡುವುದಕ್ಕೂ ಸಾಕಾಗುವುದು ನನಗೆ ಈಗಲೂ ಸೋಜಿಗ.

ಪತ್ರಿಕೆಗಳ ಒಂದು ರೂಢಿಯನ್ನೂ ಇಲ್ಲಿ ಹೇಳಬೇಕು. ಕೋಳಿ ಅಂಕದ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿಯಲ್ಲಿ ಜನರದು 'ಬಂಧನ', ಕೋಳಿಗಳದು, ನಗದು ಮತ್ತು ಬೈಕುಗಳ ಜೊತೆಗೆ, 'ವಶ'. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅಪರಾಧವೆಂದಿದ್ದರೂ ಸುದ್ದಿಯ ಭಾಷೆಗೆ ಕೋಳಿ ಇನ್ನೂ ಮುದ್ದೆಮಾಲೇ. ನನ್ನ ಕಥೆಯ ದಾಳಿಯಲ್ಲಿ ಅಂಕದಾಳುಗಳು ವಶವಾಗುತ್ತಾರೋ, ರಕ್ಷಣೆಯಾಗುತ್ತಾರೋ, ಬಂಧನಕ್ಕೊಳಗಾಗುತ್ತಾರೋ? ಸಾವಿಗೂ ಇದೇ ಗೊಂದಲ: ಯಂತ್ರ ಕೆಡುತ್ತದೆ, ಪ್ರಾಣಿ ಸಾಯುತ್ತದೆ, ಹಿರಿಯರು ತೀರಿಕೊಳ್ಳುತ್ತಾರೆ. ಇಲ್ಲಿ ಮಾತ್ರ 'ಹೋಗು' ಕೈಹಿಡಿಯಿತು. ಬಲ್ಬೂ ಹೋಗುತ್ತದೆ, ಅಜ್ಜನೂ ಹೋಗುತ್ತಾರೆ.

ಕೊನೆಯ ದೃಶ್ಯದಲ್ಲಿ ಉಳಿದ ಇಬ್ಬರು, ಅಥವಾ ಎರಡು, ಕಣದ ನಡುವೆ ನಿಂತು ಕೈ ಎತ್ತದೆ ಸುಮ್ಮನಾಗುವುದಿದೆ. ಅಲ್ಲಿ ನನ್ನ ಕಷ್ಟ ತಾನಾಗಿ ಬಗೆಹರಿಯಿತು. ಹಳಗನ್ನಡದ 'ಬಾರನು, ಬಾರದು' ಎಂಬಲ್ಲಿದ್ದ ಭೇದ ಹೊಸಗನ್ನಡದ 'ಇಲ್ಲ'ದಲ್ಲಿ ಉಳಿದಿಲ್ಲ. ಅವನು ಕಾದಲಿಲ್ಲ, ಅವಳು ಕಾದಲಿಲ್ಲ, ಅದು ಕಾದಲಿಲ್ಲ, ಅವರು ಕಾದಲಿಲ್ಲ, ಅವು ಕಾದಲಿಲ್ಲ. ಹಾಗಾಗಿ ಆ ವಾಕ್ಯದಲ್ಲಿ ಕರ್ತೃವನ್ನೇ ಬಿಟ್ಟು 'ಕಾದಲಿಲ್ಲ' ಎಂದಷ್ಟೇ ಬರೆದಿದ್ದೇನೆ. ಆದರೆ ಅದಕ್ಕೆ ಮೊದಲಿನ ಹನ್ನೊಂದು ದೃಶ್ಯಗಳಲ್ಲಿ ಕಾದಲೇಬೇಕಲ್ಲ.

ಬಲ್ಲವರಲ್ಲಿ ಕೇಳಬೇಕಾದದ್ದು ಇಷ್ಟೇ. ನಿಮ್ಮ ಊರಿನ ಕಡೆ ಆಳುಗಳ ವಿಷಯದಲ್ಲಿ 'ಬಂದಿದೆ' ಎನ್ನುತ್ತಾರೋ, 'ಬಂದಿದ್ದಾರೆ' ಎನ್ನುತ್ತಾರೋ? ಬಯಲುಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ 'ಅರ್ಧ ಆಳು' ಎಂಬ ಲೆಕ್ಕವಿದೆಯೇ? ಕರಾವಳಿಯವರು 'ಅಂಕದಾಳು' ಎಂಬುದನ್ನು ಮೊದಲ ಓದಿಗೆ ಕಾದುವವನು ಎಂದು ತಿಳಿಯುತ್ತಾರೋ, ಅಥವಾ ಕೋಳಿಯನ್ನು ಹಿಡಿದು ತರುವವನು ಎಂದು ತಿಳಿಯುತ್ತಾರೋ? ಎರಡನೆಯದಾದರೆ ನಾನು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.