ಹೊಟ್ಟೆಪಾಡಿನ ಕೆಲಸ ಮುಗಿಸಿ ರಾತ್ರಿ ಬರೆಯುವವರು ಇಲ್ಲಿ ಇದ್ದೀರಾ?

ತುಂಗೆದಂಡೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ವಯಸ್ಸು 44. ಮನೆಯಲ್ಲಿ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಒಂದಿಷ್ಟು ಅಡಿಕೆ ತೋಟ ಇದೆ, ಎಲೆಚುಕ್ಕಿ ರೋಗ ಬಂದ ಮೇಲೆ ಅದನ್ನು ನಂಬಿ ಕೂರುವ ಹಾಗಿಲ್ಲ.

ರಾತ್ರಿ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಅಡುಗೆಮನೆಯಲ್ಲೇ ಕೂತು ಕತೆ ಬರೆಯುತ್ತೇನೆ. ನನ್ನ ಕೌಂಟರಿನ ಆಚೆ ನಿಂತವರ ಕತೆ. ಮೊನ್ನೆ ಒಬ್ಬ ಅಜ್ಜಿ ಬೆಳೆ ಸಾಲ ನವೀಕರಣಕ್ಕೆ ಬಂದಿದ್ದರು. ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿದ್ದರು. ನಾನು ಬಿಚ್ಚಲು ಹೋದರೆ ಬಿಡಲಿಲ್ಲ, ತಾವೇ ನಿಧಾನಕ್ಕೆ ಬಿಚ್ಚಿದರು. ಹೇಳಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಿ, ಇಂಕನ್ನು ತಲೆಕೂದಲಿಗೆ ಒರೆಸಿಕೊಂಡರು. ಆಮೇಲೆ ಅದೇ ನಾರಿನಿಂದ ಮತ್ತೆ ಅದೇ ಗಂಟು. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರೂ ಆ ಬೆರಳುಗಳಿಗೆ ಅವಸರ ಇರಲಿಲ್ಲ. ಆ ರಾತ್ರಿ ಅದರ ಬಗ್ಗೆ ಒಂದು ಪುಟ ಬರೆದೆ. ಇಡೀ ದಿನದಲ್ಲಿ ನಾನು ಪೂರ್ತಿ ಎಚ್ಚರ ಇದ್ದದ್ದು ಆ ಹೊತ್ತಿನಲ್ಲಿ ಮಾತ್ರ ಅನ್ನಿಸಿತು.

ಆದರೆ ಇದನ್ನೆಲ್ಲ ಯಾರೂ ಓದಿಲ್ಲ. ಪತ್ರಿಕೆಗೆ ಕಳಿಸಿದ್ದಕ್ಕೆ ಉತ್ತರವಿಲ್ಲ. ಅತ್ತೆ ಒಳ್ಳೆಯವರೇ, ಆದರೂ "ಕಣ್ಣು ಹಾಳು ಮಾಡ್ಕೊಂಡು ಏನು ಸಿಗುತ್ತೆ ನಿಂಗೆ?" ಅನ್ನುತ್ತಾರೆ. ಏನು ಹೇಳಬೇಕೋ ತಿಳಿಯುವುದಿಲ್ಲ. ಯಾರೂ ಓದದಿದ್ದರೆ ಬರೆದದ್ದಕ್ಕೆ ಅರ್ಥ ಇದೆಯಾ? ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಹಾಗಿದ್ದೂ ಬರವಣಿಗೆಯೇ ನನ್ನ ಬದುಕಿನ ಮುಖ್ಯ ಸಂಗತಿ ಅಂತ ಅಂದುಕೊಳ್ಳಬಹುದಾ?

ಚೌಕಿಯವ:

ಅಕ್ಕಾ, ನಾನು ಪುತ್ತೂರಿನವ. ಹಗಲು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಯಕ್ಷಗಾನದ ಆಟ ಇದ್ದ ರಾತ್ರಿ ತೆಂಕುತಿಟ್ಟಿನಲ್ಲಿ (ದಕ್ಷಿಣದ ಶೈಲಿ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಹವ್ಯಾಸಿ ಅಷ್ಟೆ, ಮೇಳದವನಲ್ಲ.

ರಾಕ್ಷಸ ವೇಷಕ್ಕೆ ಮುಖದ ಮೇಲೆ ಚುಟ್ಟಿ ಇಡಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿ, ಸಣ್ಣ ಕಡ್ಡಿಯಲ್ಲಿ ತೆಗೆದು ಒಂದೊಂದೇ ಮುಳ್ಳು ಎಬ್ಬಿಸುತ್ತಾ ಹೋಗಬೇಕು. ಹಿಟ್ಟು ತೆಳುವಾದರೆ ಇಳಿಯುತ್ತದೆ, ಗಟ್ಟಿಯಾದರೆ ಉದುರುತ್ತದೆ. ಒಂದು ಸಾಲು ಒಣಗುವ ತನಕ ನಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ನಮ್ಮಲ್ಲಿ ಅವರವರ ಬಣ್ಣ ಅವರವರೇ ಬರೆದುಕೊಳ್ಳುವುದು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಮಾಡಿದ್ದನ್ನು ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ತೆಗೆದುಬಿಡುತ್ತೇವೆ. ಮಾತೂ ಹಾಗೆಯೇ. ಭಾಗವತರು ಹಾಡುವ ಪದ ಪ್ರಸಂಗದಲ್ಲಿ ಇರುತ್ತದೆ, ಅದಕ್ಕೆ ನಾವು ಹೇಳುವ ಅರ್ಥ ಎಲ್ಲೂ ಬರೆದಿಲ್ಲ. ಅಲ್ಲೇ ಹುಟ್ಟಿ ಅಲ್ಲೇ ಹೋಗುತ್ತದೆ.

ಉಳಿಯುವುದಿಲ್ಲ ಅಂತ ಗೊತ್ತಿದ್ದೂ ಒಂದು ಮುಳ್ಳು ವಾರೆಯಾದರೆ ತೆಗೆದು ಮತ್ತೆ ಇಡುತ್ತೇನೆ. ದೀಪದ ಬೆಳಕಿನಲ್ಲಿ ದೂರ ಕೂತವರಿಗೆ ಅದು ಕಾಣುವುದೂ ಇಲ್ಲ. ಆ ಕೆಲಸಕ್ಕೆ ಅಷ್ಟು ಸಲ್ಲಬೇಕು, ಸಲ್ಲಿಸುತ್ತೇನೆ. ನೀವು ಆ ಪುಟ ಬರೆದ ರಾತ್ರಿ ಮಾಡಿದ್ದೂ ಅದನ್ನೇ. ಅತ್ತೆಯವರಿಗೆ ಹೇಳಿ, ಸಿಗಬೇಕಾದ್ದು ಆಗಲೇ ಸಿಕ್ಕಿತು ಅಂತ.

ಹಾವೇರಿ ಹಳಬ:

ಚೌಕಿಯವರ ಮಾತು ಇಷ್ಟವಾಯಿತು. ಆದರೆ ಕೊನೆಯ ಸಾಲು ಒಪ್ಪಲಾರೆ. ಚುಟ್ಟಿ ಇಟ್ಟವರು ಕನ್ನಡಿ ಮುಂದೆಯೇ ಬೆಳಗು ಮಾಡುವುದಿಲ್ಲವಲ್ಲ? ರಂಗಸ್ಥಳಕ್ಕೆ ಹೋಗುತ್ತಾರೆ. ಎದುರಿಗೆ ಹತ್ತೇ ಜನ ಇರಲಿ, ಕುಣಿಯುತ್ತಾರೆ.

ನಮ್ಮ ಕಡೆಯ ಗಳಗನಾಥರು (1869–1942) ಕನ್ನಡಕ್ಕೆ ಓದುಗರೇ ಕಡಿಮೆ ಇದ್ದ ಕಾಲದಲ್ಲಿ ಕಾದಂಬರಿ ಬರೆದವರು. ಬರೆದು ಕೂರಲಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ಆ ತಿರುಗಾಟ ಬರವಣಿಗೆಯಿಂದ ಬೇರೆ ಅಂತ ನನಗೆ ಅನಿಸಿಲ್ಲ. ಬರೆದದ್ದು ಇನ್ನೊಬ್ಬರ ಕಿವಿಗೆ ಬಿದ್ದು, ಅವರು "ಹೌದು" ಅಂದಾಗಲೋ "ಇಲ್ಲ, ಹಂಗಲ್ಲ" ಅಂದಾಗಲೋ ಕೆಲಸ ಮುಂದುವರಿಯುತ್ತದೆ. ತಂಗೀ, ಪತ್ರಿಕೆಯನ್ನು ಕಾಯಬೇಡಿ. ಒಬ್ಬರಿಗೆ ಓದಿ ಹೇಳಿ. ಮನೆಯಲ್ಲೇ ಶುರು ಮಾಡಿ. ಸುಮ್ನೆ ಪೆಟ್ಟಿಗೆಯಲ್ಲಿ ಇಟ್ಟರೆ ನೀವು ಬರೆದದ್ದರಲ್ಲಿ ಏನು ಕಡಿಮೆ ಇದೆ ಅಂತ ನಿಮಗೇ ಗೊತ್ತಾಗುವುದಿಲ್ಲ.

ಓದುಗಿತ್ತಿ, ಮೈಸೂರು:

ಕೆಲಸ ಬಿಡದೆ ಇದು ಮುಖ್ಯ ಆಗುತ್ತದಾ ಅಂತ ಕೇಳಿದ್ದೀರಿ. ಇದಕ್ಕೆ ನಿಮ್ಮ ಊರಲ್ಲೇ ಉತ್ತರ ಇದೆ. ಎಂ.ಕೆ. ಇಂದಿರಾ 1917ರಲ್ಲಿ ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ಹನ್ನೆರಡನೇ ವಯಸ್ಸಿಗೆ ಮದುವೆ, ಅಲ್ಲಿಗೆ ಶಾಲೆ ಮುಗಿಯಿತು. ಕಾದಂಬರಿ ಬರೆಯಲು ಕೂತಾಗ ಹೆಚ್ಚುಕಡಿಮೆ ನಿಮ್ಮ ವಯಸ್ಸು. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. 'ಫಣಿಯಮ್ಮ' 1976ರಲ್ಲಿ. ಅದು ಅವರು ಚಿಕ್ಕವರಿದ್ದಾಗ ಕಂಡಿದ್ದ ಒಬ್ಬ ವಿಧವೆಯ ಬದುಕು. ಆ ಹೆಂಗಸು ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡದ್ದು ಇವರ ಕಿವಿಗೆ ಬಿದ್ದಿತ್ತು. ಎಷ್ಟು ವರ್ಷ ಒಳಗೇ ಇತ್ತು ನೋಡಿ. ಸಂಸಾರ ಮಾಡುತ್ತಾ ಕಳೆದ ಆ ವರ್ಷಗಳನ್ನು ವ್ಯರ್ಥ ಅಂತ ಹೇಗೆ ಹೇಳುವುದು? ನನಗಂತೂ ಬಾಯಿ ಬರುವುದಿಲ್ಲ.

ಕೆ.ಎಸ್. ನರಸಿಂಹಸ್ವಾಮಿಯವರೂ ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದುಕೊಂಡೇ ಬರೆದವರು. ಕಷ್ಟ ಇರಲಿಲ್ಲ ಅಂತಲ್ಲ. ನಿದ್ದೆಗೆಟ್ಟು ಬರೆಯುವುದು ದೊಡ್ಡ ಗುಣ ಅಂತಲೂ ನಾನು ಹೇಳಲ್ಲ. ಅದರಲ್ಲೂ ಹೆಂಗಸರಿಗೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತೇ ಸಿಗುವುದು ಅನ್ಯಾಯ. ಯಜಮಾನರಿಗೆ ಹೇಳಿ, ವಾರದಲ್ಲಿ ಎರಡು ದಿನ ಪಾತ್ರೆ ಅವರು ತೊಳೆಯಲಿ. ನಿಜವಾಗಿಯೂ ಹೇಳುತ್ತಿದ್ದೇನೆ. ಆದರೆ ಸಂಘದ ಕೆಲಸವನ್ನು ಬರವಣಿಗೆಯ ಶತ್ರು ಅಂದುಕೊಳ್ಳಬೇಡಿ. ಆ ಅಜ್ಜಿ ನಿಮ್ಮ ಅಡುಗೆಮನೆಗೆ ಬರುತ್ತಿರಲಿಲ್ಲ, ಕೌಂಟರಿಗೆ ಬಂದರು.

ತುಂಗೆದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾವೇರಿಯ ಅಣ್ಣ ಹೇಳಿದಂತೆ ನಿನ್ನೆ ಆ ಪುಟವನ್ನು ಅತ್ತೆಗೆ ಓದಿ ಹೇಳಿದೆ. ಅವರು ಹೂಬತ್ತಿ ಹೊಸೆಯುತ್ತಾ ಕೇಳಿದರು. ಮುಗಿದ ಮೇಲೆ, "ಒಣ ನಾರಲ್ಲಿ ಗಂಟು ಹಾಕಿದ್ರೆ ತುಂಡಾಗುತ್ತೆ ಕಣೇ. ನೀರು ಮುಟ್ಟಿಸಿರ್ತಾಳೆ, ನೀನು ನೋಡಿಲ್ಲ" ಅಂದರು. ಆಮೇಲೆ ಆ ಅಜ್ಜಿ ಯಾವ ಮನೆಯವರು, ಮಕ್ಕಳು ಊರಲ್ಲಿದ್ದಾರಾ ಅಂತ ಕೇಳುತ್ತಲೇ ಹೋದರು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಮುಂದಿನ ಸಲ ಅಜ್ಜಿ ಬಂದಾಗ ಮಾತಾಡಿಸುತ್ತೇನೆ. ಆ ಪುಟ ಇನ್ನೂ ಬೆಳೆಯುವುದಿದೆ ಅನ್ನಿಸುತ್ತಿದೆ.

ಪಾತ್ರೆಯ ವಿಷಯ ಯಜಮಾನರಿಗೆ ಹೇಳಿದೆ. ಮಂಗಳವಾರ, ಶುಕ್ರವಾರ ಅಂತ ಒಪ್ಪಿದ್ದಾರೆ. 'ಫಣಿಯಮ್ಮ' ನಮ್ಮ ಗ್ರಂಥಾಲಯದಲ್ಲಿ ಸಿಗುತ್ತಾ ಅಂತ ನಾಳೆ ಕೇಳುತ್ತೇನೆ. ಚೌಕಿಯವರೇ, ಹೊರಗಿನವರು ಚೌಕಿಯಲ್ಲಿ ಕೂತು ಚುಟ್ಟಿ ಇಡುವುದನ್ನು ನೋಡಬಹುದಾ? ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಪುತ್ತೂರಿಗೆ ಬರುವ ಯೋಚನೆ ಇದೆ. ಎಷ್ಟು ಹೊತ್ತಿಗೆ ಬಂದರೆ ಮೊದಲಿಂದ ನೋಡಲು ಸಿಗುತ್ತದೆ, ತಿಳಿಸಿ.