ಮೀನು ಸಬ್ಸಿಡಿ ಬಗ್ಗೆ ಜಿನೇವಾದಲ್ಲಿ ಎಂತ ಮಾತಾಡ್ತಾರೆ ಅಂತ ನಾವು ಓದ್ಬಹುದಾ?

ಬೈತಖೋಲ್ ಬೋಟಿನವ:
ನಮ್ಮದೊಂದು ಟ್ರಾಲ್ ಬೋಟ್ ಉಂಟು, ಡೀಸೆಲ್ ಸಬ್ಸಿಡಿ ಇಲ್ದಿದ್ರೆ ಸಮುದ್ರಕ್ಕೆ ಇಳಿಯೋದೇ ಕಷ್ಟ. ಜಿನೇವಾದಲ್ಲಿರೋ ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2022 ಜೂನ್‌ನಲ್ಲಿ ಆಗಿದ್ದು, 2025 ಸೆಪ್ಟೆಂಬರ್ 15ಕ್ಕೆ ಜಾರಿಗೆ ಬಂತು. ಬಂದರಲ್ಲಿ ಕೇಳಿದ್ರೆ ಸಬ್ಸಿಡಿ ಹೋಗೇಬಿಡ್ತದೆ ಅಂತ ಒಬ್ರು, ನಮಗೆ ಸಂಬಂಧನೇ ಇಲ್ಲ ಅಂತ ಇನ್ನೊಬ್ರು. ಅಲ್ಲಿ ನಮ್ಮ ಪರವಾಗಿ ಕೂತವರು ಎಂತ ಹೇಳಿದ್ರು ಅಂತ ನೋಡ್ಲಿಕ್ಕೆ ದಾರಿ ಉಂಟಾ? ಪಂಚಾಯ್ತಿ ಠರಾವು ಬೇಕಂದ್ರೆ ಅರ್ಜಿ ಹಾಕಿ ತಗೊಳ್ತೇವೆ, ಇದಕ್ಕೆ?

ಶಿರಸಿ ಪೇಟೆಯಿಂದ:
ಒಪ್ಪಂದ ಪೂರ್ತಿ ಅವರ ವೆಬ್‌ಸೈಟಲ್ಲೇ ಇದೆ, ಇಂಗ್ಲಿಷ್ ಫ್ರೆಂಚ್ ಸ್ಪ್ಯಾನಿಷ್ ಮೂರೇ ಭಾಷೆ. ಅಂಗೀಕಾರ ಪತ್ರ ಕೊಟ್ಟ ದೇಶಕ್ಕಷ್ಟೇ ಅದು ಅನ್ವಯ, ಜಾರಿಯಾದಾಗ ಭಾರತ ಕೊಟ್ಟಿರ್ಲಿಲ್ಲ. ಅದರಲ್ಲಿರೋದು ಕಾನೂನುಬಾಹಿರ ಮೀನುಗಾರಿಕೆ, ಮಿತಿಮೀರಿ ಹಿಡಿದು ಬರಿದಾದ ಮೀನು, ಯಾರ ನಿಯಂತ್ರಣವೂ ಇಲ್ಲದ ದೂರದ ಸಮುದ್ರ, ಇಷ್ಟಕ್ಕೆ ಕೊಡೋ ಸಬ್ಸಿಡಿ. ನಿಮ್ಮ ಡೀಸೆಲ್ ವಿಷ್ಯ ಬರೋದು ಮಾತುಕತೆಯ ಎರಡನೇ ಸುತ್ತಿನಲ್ಲಿ, ಅದು 2024ರಲ್ಲಿ ಅಬುಧಾಬಿಯಲ್ಲಿ ಮುಗೀಲಿಲ್ಲ, ಭಾರತ 25 ವರ್ಷದ ಕಾಲಾವಕಾಶ ಕೇಳಿದೆ. ಆ ಸಂಸ್ಥೆಯದ್ದೇ 2002ರ ನಿರ್ಣಯದ ಮೇಲೆ ಹೆಚ್ಚಿನ ಕಾಗದಪತ್ರ ಬಹಿರಂಗ ಆಗ್ತವೆ, ಆದ್ರೆ ಕೆಲವೇ ದೇಶಗಳನ್ನ ಕೂರಿಸ್ಕೊಂಡು ನಡೆಸೋ 'ಗ್ರೀನ್ ರೂಮ್' ಮಾತುಕತೆಗೆ ನಡಾವಳಿಯೇ ಬರಿಯೋದಿಲ್ಲ, ಗಂಟು ಬಿಚ್ಚೋದು ಅಲ್ಲೇ.

ಅಂಕೋಲಾ ಕಡಲತಡಿ:
ಹಿಂದೆ ಇಂಥದ್ದೇ ಒಂದಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದ್ದೆ. ವಿದೇಶ ಸಂಬಂಧಕ್ಕೆ ಧಕ್ಕೆ ಅಂತ ಆ ಕಾಯ್ದೆಯ ಸೆಕ್ಷನ್ 8(1)(ಎ) ತೋರಿಸಿ ವಾಪಸ್ ಕಳ್ಸಿದ್ರು, ತುಂಬಾ ಬೇಜಾರಾಯ್ತು. ನೀವು ಅಲ್ಲಿ ಎಂತ ಮಾತಾಡಿದ್ರು ಅಂತ ಕೇಳ್ಬೇಡಿ, ನಿಲುವು ತಗೊಳ್ಳೋ ಮೊದ್ಲು ಇಲ್ಲಿ ಯಾವ ಮೀನುಗಾರರನ್ನ ಕೇಳಿದ್ರಿ, ಯಾವ ಸಭೆ, ಅದರ ನಡಾವಳಿ ಕೊಡಿ ಅಂತ ಕೇಳಿ. ಜನರಿಗೆ ತಟ್ಟೋ ನೀತಿ ಮಾಡುವಾಗ ಸಂಗತಿಗಳನ್ನ ಅವರೇ ಪ್ರಕಟಿಸ್ಬೇಕು ಅಂತ ಅದೇ ಕಾಯ್ದೆಯ 4(1)(ಸಿ) ಹೇಳ್ತದೆ. ವಾಣಿಜ್ಯ ಇಲಾಖೆಗೆ ಆನ್‌ಲೈನಲ್ಲೇ ಹಾಕ್ಬಹುದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಹೊನ್ನಾವರದವ:
ಚೌಕಾಶಿ ಅಂದ್ಮೇಲೆ ಸ್ವಲ್ಪ ಗುಟ್ಟು ಬೇಕೇ ಬೇಕು ಮಾರಾಯ್ರೆ. ಎಲ್ಲಿವರೆಗೆ ಬಗ್ತೇವೆ ಅಂತ ಮೊದ್ಲೇ ಗೊತ್ತಾದ್ರೆ ದೊಡ್ಡ ದೇಶಗಳು ಅಲ್ಲಿಗೇ ಎಳೀತಾವೆ.

ಬೈತಖೋಲ್ ಬೋಟಿನವ:
ಕೊನೇ ರೇಟು ಗುಟ್ಟಾಗಿರ್ಲಿ, ಒಪ್ತೇನೆ. ಆದ್ರೆ ನಿನ್ನೆ ರಾತ್ರಿ ಮಗಳ ಹತ್ರ ಆ ಮೀನುಗಾರಿಕೆ ಒಪ್ಪಂದದ 8ನೇ ವಿಧಿ ಓದಿಸ್ದೆ, ಸಬ್ಸಿಡಿ ತಗೊಂಡ ಬೋಟಿನ ಹೆಸ್ರು, ನಂಬರು, ಹಿಡಿದ ಮೀನಿನ ಲೆಕ್ಕ ಎಲ್ಲ ಸಾಧ್ಯವಾದಷ್ಟು ಕೊಡ್ಬೇಕು ಅಂತ ಉಂಟು. ನಾಳೆ ನಾವೂ ಸೇರಿದ್ರೆ ನನ್ನ ಬೋಟಿನ ನಂಬರು ಜಿನೇವಾಕ್ಕೆ ಹೋಗ್ತದೆ, ಅಲ್ಲಿಯ ಮಾತು ಬೈತಖೋಲಿಗೆ ಬರೋದಿಲ್ಲ, ಇದೇ ನಂಗೆ ಸರಿ ಕಾಣೂದಿಲ್ಲ. ಅಂಕೋಲಾದವ್ರೆ, ಅರ್ಜಿ ಬರ್ದು ಇಲ್ಲೇ ಹಾಕ್ತೇನೆ, ತಪ್ಪಿದ್ರೆ ತಿದ್ದಿಕೊಡಿ.